ಗೃಹಾರೋಗ್ಯ: ನೀರಿಳಿಸುವ ಚುಚ್ಚುಮದ್ದು

ಹೃದಯವು ಸೋತು ರಕ್ತವನ್ನು ಮುಂದಕ್ಕೆ ನೂಕಲಾರದೆ ಹೋದಾಗ ಶ್ವಾಸಕೋಶಗಳಲ್ಲಿ ನೀರು ತುಂಬುವುದು. ರೋಗಿಯು ಮಲಗಲಾರದೆ ಎದ್ದು ಕುಳಿತು ಉಸಿರಿಗಾಗಿ ತವಕಿಸುವನು. ಇದನ್ನು ಬರಿಯ ಉಬ್ಬಸವೆಂದು ಬಗೆದು ಬೆಳಗಾಗಲೆಂದು ಕಾಯುವುದು ಅಪಾಯಕರ.

ಆಸ್ಪತ್ರೆಯಲ್ಲಿ ಇದಕ್ಕೆ ಫ್ಯುರೋಸೆಮೈಡ್ ಎಂಬ ಔಷಧವನ್ನು ರಕ್ತನಾಳದ ಮೂಲಕ ಕೊಡುವರು. ಅರ್ಧ ಗಂಟೆಯೊಳಗೆ ಮೂತ್ರವು ಹೇರಳವಾಗಿ ಹರಿದು ಉಸಿರಾಟವು ಸುಗಮವಾಗುವುದುಂಟು. ಇಷ್ಟು ಗುಣವುಳ್ಳ ಚುಚ್ಚುಮದ್ದನ್ನು ಮನೆಯಲ್ಲಿಯೇ ಏಕೆ ಹಾಕಿಸಬಾರದೆಂದು ಕೆಲವರು ಕೇಳುವರು. ಹಳೇಬೀಡಿನ ಕೆರೆ ತುಂಬಿತೆಂದು ತೂಬನ್ನು ಮನಬಂದಂತೆ ಎತ್ತಿಬಿಡುವರೆ? ನೀರುಗಂಟಿಯು ಅಳತೆಯರಿತು ಎತ್ತುವನು. ಈ ಮದ್ದಿಗೂ ಅಂತಹ ಕಾವಲು ಬೇಕು. ನೀರು ಅತಿಯಾಗಿ ಹೋದರೆ ರಕ್ತದೊತ್ತಡವು ಕುಸಿದು ಮೂತ್ರಪಿಂಡಗಳು ಬಳಲುವುವು. ಪೊಟ್ಯಾಸಿಯಂ ಎಂಬ ಲವಣವು ಇಳಿದು ಹೃದಯದ ಬಡಿತವು ತಾಳ ತಪ್ಪುವುದು. ಹೆಚ್ಚು ಪ್ರಮಾಣವನ್ನು ವೇಗವಾಗಿ ಚುಚ್ಚಿದರೆ ಕಿವಿಯೂ ಮಂದವಾಗಬಹುದು. ಆದುದರಿಂದಲೇ ಆಸ್ಪತ್ರೆಯಲ್ಲಿ ಮೂತ್ರವನ್ನು ಅಳೆಯುವರು, ಒತ್ತಡವನ್ನು ನೋಡುವರು, ರಕ್ತವನ್ನು ಪರೀಕ್ಷಿಸುವರು.

ಗೃಹಸ್ಥರಿಗೆ ನಾವು ಹೇಳುವುದಿಷ್ಟೆ. ರೋಗಿಯನ್ನು ಒರಗಿಸಿ ಕುಳ್ಳಿರಿಸಿ ೧೦೮ಕ್ಕೆ ಕರೆ ಮಾಡಿರಿ. ಬೇಲೂರಾಗಲಿ ಅರಸೀಕೆರೆಯಾಗಲಿ, ಹತ್ತಿರದ ಆಸ್ಪತ್ರೆಗೆ ಹೋಗುವಾಗ ಆತನು ಸೇವಿಸುವ ಮಾತ್ರೆಗಳನ್ನೆಲ್ಲ ಜೊತೆಗೆ ಒಯ್ಯಿರಿ. ಅರಸೀಕೆರೆಯದು ತೆಂಗಿನ ಸೀಮೆ. ನೋಡಬಂದ ಬಂಧುಗಳು ಪ್ರೀತಿಯಿಂದ ಎಳನೀರನ್ನು ತರುವರು. ಅದರಲ್ಲಿ ಪೊಟ್ಯಾಸಿಯಂ ಹೇರಳ. ಹೃದ್ರೋಗದ ಕೆಲವು ಮಾತ್ರೆಗಳೂ ಅದೇ ಲವಣವನ್ನು ರಕ್ತದಲ್ಲಿ ಏರಿಸುವುವು. ಡಾಕ್ಟರನ್ನು ಕೇಳದೆ ಎಳನೀರನ್ನು ಕೊಡಕೂಡದು.

ಮನೆಗೆ ಮರಳಿದ ಮೇಲೆ ದಿನವೂ ಬೆಳಿಗ್ಗೆ ತೂಕವನ್ನು ನೋಡಿ ಬರೆದಿಡಿರಿ. ೩ ದಿನಗಳಲ್ಲಿ ೨ ಕಿಲೋಗ್ರಾಂ ಏರಿದರೆ ನೀರು ಮತ್ತೆ ನಿಲ್ಲುತ್ತಿರಬಹುದೆಂದು ತಿಳಿದು, ತಾವಾಗಿಯೇ ಮಾತ್ರೆಯನ್ನು ಹೆಚ್ಚಿಸದೆ, ತಡಮಾಡದೆ ಡಾಕ್ಟರನ್ನು ಕಾಣತಕ್ಕದ್ದು.