ಗುಲಾಬಿ ರಿಬ್ಬನ್ನಿಗೆ ಲೆಕ್ಕ ಕೇಳಬಾರದೇ?

ಶಿವಮೊಗ್ಗದಲ್ಲಿ ಬೀದಿ ಗಣಪತಿ ಬಿಟ್ಟ ಮೇಲೆ ಸಮಿತಿಯ ಹುಡುಗರು ಜಮಾ-ಖರ್ಚು ಬರೆದು ಕಂಬಕ್ಕೆ ಅಂಟಿಸ್ತಾರೆ. ಡೊಳ್ಳಿನವರಿಗೆ ಇಷ್ಟು, ಪೆಂಡಾಲಿಗೆ ಇಷ್ಟು, ಪ್ರಸಾದಕ್ಕೆ ಇಷ್ಟು, ಉಳಿದದ್ದು ಇಷ್ಟು. ಅಂಟಿಸದೇ ಹೋದರೆ ಮುಂದಿನ ವರ್ಷ ಚಂದಾ ಕೇಳೋಕೆ ಬಂದಾಗ ಬಾಗಿಲಲ್ಲೇ ಮಂಗಳಾರತಿ. ಭದ್ರಾವತಿಯ ನೌಕರರ ಸೊಸೈಟಿ ಮಹಾಸಭೆಯಲ್ಲಿ ಒಮ್ಮೆ ಕೂತು ನೋಡಿ. ವರದಿಯಲ್ಲಿ ‘ಇತರೆ ವೆಚ್ಚ’ ಅಂತ ಒಂದು ಸಾಲು ಕಂಡರೆ ಸಾಕು, ಹಿಂದಿನಿಂದ ಒಬ್ಬರು ಎದ್ದೇ ಏಳ್ತಾರೆ: “ಇತರೆ ಅಂದ್ರೆ ಏನ್ ಸ್ವಾಮಿ?”

ಇದೇ ಜನ ಅಕ್ಟೋಬರ್ ಬಂತೆಂದರೆ ಸ್ತನ ಕ್ಯಾನ್ಸರ್ ಹೆಸರಿನ ರಸೀದಿ ಪುಸ್ತಕಕ್ಕೆ ಕಣ್ಣುಮುಚ್ಚಿ ಐನೂರು ಬರೀತಾರೆ. ಗುಲಾಬಿ ಟೀ ಶರ್ಟು, ಬೆಳಗಿನ ನಡಿಗೆ, ಗಣ್ಯರಿಗೆ ಹಾರ-ಶಾಲು-ಮೈಸೂರು ಪೇಟ, ಮರುದಿನ ಪೇಪರಿನಲ್ಲಿ ಫೋಟೋ. ಒಂದು ಟ್ರಸ್ಟಿನವರು ನಮ್ಮ ಮನೆಗೂ ಬಂದಿದ್ದರು. ಹೋದ ವರ್ಷದ ಆಡಿಟ್ ವರದಿ ಇದೆಯಾ ಅಂತ ಕೇಳಿದೆ. ಬಂದವರ ಮುಖ ಬಾಡಿತು. “ಕ್ಯಾನ್ಸರ್ ವಿಷಯದಲ್ಲೂ ಲೆಕ್ಕ ಕೇಳ್ತೀರಾ ಮೇಡಂ?”

ಹೌದು, ಕೇಳ್ತೀನಿ. ಸಹಕಾರ ಸಂಘದಲ್ಲಿ 16 ವರ್ಷ ಲೆಕ್ಕ ಬರೆದ ಚಾಳಿ ಅಂತ ಬೇಕಾದರೆ ಅಂದುಕೊಳ್ಳಿ. ಆದರೆ ಕ್ಯಾನ್ಸರ್ ವಿಷಯದಲ್ಲೇ ಮೊದಲು ಕೇಳಬೇಕು. ಯಾಕೆಂದರೆ ಕೇಳೋಕೆ ಎಲ್ಲರಿಗೂ ಸಂಕೋಚ ಆಗುವ ಜಾಗ ಅದು, ಮತ್ತು ಆ ಸಂಕೋಚವನ್ನೇ ಬಂಡವಾಳ ಮಾಡಿಕೊಂಡವರು ಇದ್ದಾರೆ.

ಅಮೆರಿಕದಲ್ಲಿ ‘ಬ್ರೆಸ್ಟ್ ಕ್ಯಾನ್ಸರ್ ಸೊಸೈಟಿ’ ಅಂತ ಒಂದಿತ್ತು. 2015ರ ಮೇ ತಿಂಗಳಲ್ಲಿ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್, ಐವತ್ತೂ ರಾಜ್ಯಗಳ ಜೊತೆ ಸೇರಿ, ಇದರ ಮೇಲೂ ಇದರ ಮೂರು ಸೋದರ ಸಂಸ್ಥೆಗಳ ಮೇಲೂ ಕೇಸು ಹಾಕಿತು. 2008ರಿಂದ 2012ರವರೆಗೆ ನಾಲ್ಕೂ ಸೇರಿ ಜನರಿಂದ ಎತ್ತಿದ್ದು 18.7 ಕೋಟಿ ಡಾಲರ್. ಫೋನ್ ಮಾಡಿ ಚಂದಾ ಎತ್ತುವ ಕಂಪನಿಗಳಿಗೇ ಎಷ್ಟೋ ಸಲ ಪ್ರತಿ ದೇಣಿಗೆಯ ಶೇ. 85 ಅಥವಾ ಅದಕ್ಕೂ ಹೆಚ್ಚು ಹೋಗುತ್ತಿತ್ತು. ಉಳಿದದ್ದರಲ್ಲಿ ಕಾರು, ಪ್ರವಾಸ, ಹಡಗಿನ ವಿಹಾರ, ಕಾಲೇಜು ಫೀಸು, ಜಿಮ್ ಸದಸ್ಯತ್ವ. ರೋಗಿಗಳಿಗೆ ಸಿಕ್ಕಿದ್ದು ಚೂರುಪಾರು.

ಕದ್ದರು ಅನ್ನೋದಕ್ಕಿಂತ, ಹೇಗೆ ಸಾಧ್ಯವಾಯಿತು ಅನ್ನೋದನ್ನು ನೋಡಿ. ಒಂದು ಸಂಸ್ಥೆಗೆ ಅಪ್ಪ ಮುಖ್ಯಸ್ಥ, ಇನ್ನೊಂದಕ್ಕೆ ಅಪ್ಪನ ವಿಚ್ಛೇದಿತ ಪತ್ನಿ, ಸ್ತನ ಕ್ಯಾನ್ಸರಿನದಕ್ಕೆ ಮಗ. ನೌಕರಿಯಲ್ಲಿ ನೆಂಟರು, ಗೆಳೆಯರು. ಪ್ರಶ್ನೆ ಕೇಳಬೇಕಾದ ಮಂಡಳಿ ಊಟದ ಮನೆಯಲ್ಲೇ ಕೂತಿತ್ತು ಅನ್ನಿ. ಇನ್ನು ಪುಸ್ತಕದ ಕೈಚಳಕ: ದಾನವಾಗಿ ಬಂದ ಸಾಮಾನುಗಳಿಗೆ ದೊಡ್ಡ ಬೆಲೆ ಕಟ್ಟಿ, ಹೊರದೇಶಕ್ಕೆ ಕಳಿಸಿದ್ದೇವೆ ಅಂತ ಬರೆದು, ಸೇವೆಗೆ ಭಾರೀ ಖರ್ಚು ಮಾಡಿದಂತೆ ತೋರಿಸಿದರು. ಮೇಲಿನ ಮೊತ್ತ ನೋಡಿದವರಿಗೆ ಭೇಷ್ ಅನಿಸುತ್ತಿತ್ತು. ಕೊನೆಗೆ ಬ್ರೆಸ್ಟ್ ಕ್ಯಾನ್ಸರ್ ಸೊಸೈಟಿ ಬಾಗಿಲು ಹಾಕಲು ಒಪ್ಪಿಕೊಂಡಿತು.

“ಅಲ್ಲಿಯ ಕಳ್ಳರನ್ನು ತೋರಿಸಿ ಇಲ್ಲಿಯ ಒಳ್ಳೆಯವರ ಮೇಲೆ ಗೂಬೆ ಕೂರಿಸ್ತೀರಾ?” ಅಂತ ಕೇಳುವವರಿಗೆ ನನ್ನದೊಂದು ಮರುಪ್ರಶ್ನೆ. ಅಲ್ಲಿ ಹಿಡಿಯೋಕೆ ಒಂದು ಕಮಿಷನ್ ಇತ್ತು, ಇಲ್ಲಿ ಯಾರಿದ್ದಾರೆ? ಮಹಾರಾಷ್ಟ್ರದಲ್ಲಿ 1950ರ ಸಾರ್ವಜನಿಕ ಟ್ರಸ್ಟ್ ಕಾಯ್ದೆ ಇದೆ, ಚಾರಿಟಿ ಕಮಿಷನರ್ ಇದ್ದಾರೆ. ಹಳೇ ಮೈಸೂರಿನ ನಮ್ಮ ಜಿಲ್ಲೆಗೆ ಅಂಥ ಅಧಿಕಾರಿಯೇ ಇಲ್ಲ. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಟ್ರಸ್ಟ್ ಡೀಡ್ ನೋಂದಾಯಿಸಿದರೆ ಮುಗೀತು. ಸಂಘ ಅಂತ 1960ರ ಕಾಯ್ದೆಯಡಿ ನೋಂದಾಯಿಸಿಕೊಂಡವರಾದರೂ ವರ್ಷವರ್ಷ ಆಡಳಿತ ಮಂಡಳಿಯ ಪಟ್ಟಿ, ಲೆಕ್ಕ ಸಲ್ಲಿಸಬೇಕು. ಟ್ರಸ್ಟಿನ ಮೇಲೆ ಅನುಮಾನ ಬಂದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 92ನೇ ಕಲಮಿನಡಿ ಇಬ್ಬರು ಸೇರಿ ಕೋರ್ಟಿನ ಅನುಮತಿ ಪಡೆದು ದಾವೆ ಹೂಡಬೇಕು. ಐನೂರು ರೂಪಾಯಿ ಕೊಟ್ಟವರು ಯಾರು ಮಾರಾಯ್ರೆ ಕೋರ್ಟಿಗೆ ಹೋಗೋದು?

ಇರೋದು ಆದಾಯ ತೆರಿಗೆ ಇಲಾಖೆಯೊಂದೇ. ವಿನಾಯಿತಿ ಬೇಕಿದ್ದರೆ ವರ್ಷದ ಆದಾಯದ ಶೇ. 85 ಉದ್ದೇಶಕ್ಕೇ ಬಳಕೆಯಾಗಬೇಕು. ಟ್ರಸ್ಟಿಗಳು, ಅವರ ನೆಂಟರು ಲಾಭ ಮಾಡಿಕೊಂಡರೆ ವಿನಾಯಿತಿಗೆ ಕುತ್ತು. ದೇಣಿಗೆಗೆ ತೆರಿಗೆ ವಿನಾಯಿತಿ ಇರುವ ಸಂಸ್ಥೆ ದಾನಿಗೆ ಪ್ರಮಾಣಪತ್ರ ಕೊಡಬೇಕು. ಆದರೆ ಇಲಾಖೆ ನೋಡುವುದು ತೆರಿಗೆಯನ್ನು. ರೋಗಿ ಏನಾದಳು ಅಂತ ಅಲ್ಲ.

ಇಲ್ಲಿ ಇನ್ನೊಂದು ಮಾತು ಹೇಳಲೇಬೇಕು. “ನಮ್ಮಲ್ಲಿ ಆಡಳಿತ ವೆಚ್ಚ ಸೊನ್ನೆ, ನೂರಕ್ಕೆ ನೂರು ರೋಗಿಗಳಿಗೆ” ಅಂತ ಫ್ಲೆಕ್ಸ್ ಹಾಕುವವರನ್ನು ಕಂಡರೆ ನನಗೆ ಇನ್ನೂ ಅನುಮಾನ. ಲೆಕ್ಕ ಬರೆಯುವವರಿಗೆ ಸಂಬಳ ಬೇಕು, ರೋಗಿಗೆ ಮತ್ತೆ ಮತ್ತೆ ಫೋನ್ ಮಾಡುವ ಹುಡುಗಿಗೂ ಸಂಬಳ ಬೇಕು. ಆ ಖರ್ಚನ್ನು ನಾಚಿಕೆಯಿಲ್ಲದೆ ತೋರಿಸುವ ಸಂಸ್ಥೆಯೇ ವಾಸಿ.

ಆ ಹುಡುಗಿ ಇಲ್ಲದಿದ್ದರೆ ಏನಾಗುತ್ತೆ ಅಂತ ಕಣ್ಣಾರೆ ಕಂಡಿದ್ದೇನೆ. ಭದ್ರಾವತಿಯ ಪೇಪರ್ ಟೌನಿನಲ್ಲಿ ನನ್ನ ಓರಗಿತ್ತಿಯ ಪಕ್ಕದ ಮನೆಯಾಕೆ ಕಲ್ಯಾಣ ಮಂಟಪದಲ್ಲಿ ನಡೆದ ಶಿಬಿರವೊಂದಕ್ಕೆ ಹೋದರು. ‘ಗಂಟಿದೆ, ದೊಡ್ಡಾಸ್ಪತ್ರೆಗೆ ತೋರಿಸಿ’ ಅಂತ ಚೀಟಿ ಕೊಟ್ಟರು. ಅಷ್ಟೇ. ಆಮೇಲೆ ಒಂದು ಫೋನಿಲ್ಲ. ಎಂಪಿಎಂ ನಿಂತ ಮೇಲೆ ಆ ಮನೆಗಳಲ್ಲಿ ಬೆಂಗಳೂರಿಗೆ ಹೋಗಿಬರೋದೇ ಒಂದು ತಿಂಗಳ ಚಿಂತೆ. ಚೀಟಿ ನಾಲ್ಕು ತಿಂಗಳು ದೇವರ ಫೋಟೋ ಹಿಂದೆ ಇತ್ತು. ಶಿಬಿರದವರ ವರದಿಯಲ್ಲಿ ಆಕೆ ‘ಫಲಾನುಭವಿ’.

ಕೈಯಿಂದ ಮಾಡುವ ಪರೀಕ್ಷೆಯಿಂದ ಉಪಯೋಗವಿಲ್ಲ ಅಂತಲ್ಲ. ಟಾಟಾ ಸ್ಮಾರಕ ಆಸ್ಪತ್ರೆಯವರು ಮುಂಬೈಯಲ್ಲಿ ಒಂದೂವರೆ ಲಕ್ಷ ಹೆಂಗಸರನ್ನು 20 ವರ್ಷ ಗಮನಿಸಿ 2021ರಲ್ಲಿ ಫಲಿತಾಂಶ ಪ್ರಕಟಿಸಿದರು. ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಕೈಯಿಂದ ಪರೀಕ್ಷಿಸಿದ್ದರಿಂದ 50 ದಾಟಿದವರಲ್ಲಿ ಸ್ತನ ಕ್ಯಾನ್ಸರ್ ಸಾವು ಸುಮಾರು ಶೇ. 30 ಇಳಿದಿತ್ತು. ಅದಕ್ಕಿಂತ ಚಿಕ್ಕವರಲ್ಲಿ ಅಂಥ ಇಳಿಕೆ ಕಾಣಲಿಲ್ಲ. ಅಲ್ಲಿ ಮತ್ತೆ ಮತ್ತೆ ಮನೆಗೆ ಹೋದರು, ಗಂಟು ಸಿಕ್ಕವರನ್ನು ಚಿಕಿತ್ಸೆವರೆಗೆ ಮುಟ್ಟಿಸಿದರು. ನಮ್ಮಲ್ಲಿ ವರ್ಷಕ್ಕೊಂದು ಭಾನುವಾರ.

ಹಾಗಾಗಿ ವರದಿಯಲ್ಲಿ ‘ಎಷ್ಟು ಜನರನ್ನು ತಪಾಸಣೆ ಮಾಡಿದಿರಿ’ ಅನ್ನೋದು ನನಗೆ ಬೇಡ. ಗಂಟು ಸಿಕ್ಕವರೆಷ್ಟು, ಅದರಲ್ಲಿ ಬಯಾಪ್ಸಿ ಆದವರೆಷ್ಟು, ಚಿಕಿತ್ಸೆ ಮುಗಿಸಿದವರೆಷ್ಟು, ಅದನ್ನು ಬರೀರಿ. ಟ್ರಸ್ಟಿಗಳಲ್ಲಿ ಗಂಡ, ಹೆಂಡತಿ, ಭಾವಮೈದುನ ಬಿಟ್ಟು ಹೊರಗಿನವರು ಎಷ್ಟು ಜನ? ಶಿಬಿರದಿಂದ ಸ್ಕ್ಯಾನಿಂಗಿಗೆ ಕಳಿಸುವ ಸೆಂಟರು ಯಾರದು? ಟ್ರಸ್ಟಿಯದೇ ಆಗಿದ್ದರೆ ಅದನ್ನೂ ಬರೆದು ಹಾಕಿ.

ಇಷ್ಟೆಲ್ಲ ಕೇಳಿದರೆ ಸಣ್ಣ ಸಂಸ್ಥೆಗಳು ಮುಚ್ಚಿಹೋಗ್ತವೆ ಅನ್ನುತ್ತಾರೆ. ಹತ್ತು ಹೆಂಗಸರ ಸ್ತ್ರೀಶಕ್ತಿ ಸಂಘ ವಾರವಾರ ಪುಸ್ತಕ ಬರೆದೂ ಮುಚ್ಚಿಲ್ಲ.

ಈ ಅಕ್ಟೋಬರಿನಲ್ಲಿ ನಮ್ಮ ಮನೆಗೆ ಬರುವವರು ಮೂರು ಕಾಗದ ತರಲಿ: ಟ್ರಸ್ಟಿಗಳ ಪಟ್ಟಿ, ಆಡಿಟ್ ಆದ ಜಮಾ-ಖರ್ಚು, ಗಂಟು ಸಿಕ್ಕವರು ಏನಾದರು ಅನ್ನುವ ಲೆಕ್ಕ. ತಂದರೆ ಐನೂರಲ್ಲ, ಐದು ಸಾವಿರ ಕೊಡ್ತೀನಿ, ಚೆಕ್ಕಿನಲ್ಲಿ. (ಎರಡು ಸಾವಿರ ಮೀರಿದ ನಗದಿಗೆ ತೆರಿಗೆ ವಿನಾಯಿತಿಯೂ ಇಲ್ಲ.) ತರದಿದ್ದರೆ ಆ ದುಡ್ಡು ಕಿದ್ವಾಯಿಗೆ ಹೊರಟ ಯಾರಾದರೂ ಹೆಂಗಸಿನ ರೈಲು ಟಿಕೆಟ್ಟಿಗೆ ಹೋಗುತ್ತೆ, ಜೊತೆಗೆ ಹೋಗುವವರದ್ದೂ ಸೇರಿಸಿ.