ಸಾಸಿವೆ ಡಬ್ಬಿಯೂ ಪಗಾರದ ಚೀಟಿಯೂ

ಗಂಡಹೆಂಡಿರಲ್ಲಿ ಒಬ್ಬರು ಇನ್ನೊಬ್ಬರಿಗೆ ತಿಳಿಯದಂತೆ ಹಣ ಮುಚ್ಚಿಡುವುದು ಹೊಸ ಸಂಗತಿಯೇನೂ ಅಲ್ಲ. ಆದರೆ ಈ ಮಾತು ಬಂದಾಗಲೆಲ್ಲ ನಮ್ಮ ಗಂಡಸರ ಬೆರಳು ಅಡಿಗೆಮನೆಯ ಕಡೆಗೇ ತಿರುಗುತ್ತದೆ. ಸಾಸಿವೆ ಡಬ್ಬಿಯ ಮೇಲೆ, ಸೀರೆಯ ಮಡಿಕೆಯ ಮೇಲೆ ಎಷ್ಟೊಂದು ಹಾಸ್ಯ! ಪಗಾರದ ಚೀಟಿಯನ್ನು ಮನೆಯಲ್ಲಿ ಒಂದು ದಿನವೂ ತೋರಿಸದ ಯಜಮಾನನ ಮೇಲೆ ಒಂದು ಹಾಸ್ಯವನ್ನೂ ನಾವು ಕೇಳಿಲ್ಲ.

2016ರ ನವೆಂಬರ್ 8ರ ರಾತ್ರಿ 500 ಮತ್ತು 1000 ರೂಪಾಯಿಯ ನೋಟುಗಳು ರದ್ದಾದಾಗ ಆ ಡಬ್ಬಿಗಳು ಬಯಲಿಗೆ ಬಂದವು. ಡಿಸೆಂಬರ್ 30ರೊಳಗೆ ಬ್ಯಾಂಕಿಗೆ ಕಟ್ಟಬೇಕು. ಸ್ವಂತ ಖಾತೆಯಿಲ್ಲದ ಹೆಂಗಸರು ವರ್ಷಗಟ್ಟಲೆ ಕೂಡಿಸಿದ್ದನ್ನು ಗಂಡನ ಕೈಗೋ ಮಗನ ಕೈಗೋ ಇಡಬೇಕಾಯಿತು. ಆ ಹಣ ಏತಕ್ಕಿತ್ತು? ಮಗುವಿನ ಫೀಜಿಗೆ, ಮಗಳ ಹೆರಿಗೆಗೆ, ಗಿರಣಿ ಬಾಗಿಲು ಹಾಕಿದ ತಿಂಗಳ ಜೋಳಕ್ಕೆ. ಕುಡುಕನ ಹೆಂಡತಿ ಅಂದು ಕಳೆದುಕೊಂಡದ್ದೆಷ್ಟೆಂದು ಅವಳಿಗೊಬ್ಬಳಿಗೇ ಗೊತ್ತು. ಇಂಥ ಹಣವನ್ನು ಕಳ್ಳಗಂಟೆಂದು ಕರೆಯಲು ನಾವು ಸಿದ್ಧರಿಲ್ಲ.

ಇನ್ನೊಂದು ಬಗೆಯ ಮುಚ್ಚಿಡುವಿಕೆಯಿದೆ. ಅದರ ಗುರುತುಗಳನ್ನು ಹೆಂಗಸರು ಚೆನ್ನಾಗಿ ಬಲ್ಲರು. ಬಾಯಿಬಿಟ್ಟು ಹೇಳುವುದಿಲ್ಲ, ಅಷ್ಟೆ. ಓವರ್‌ಟೈಂ ಹೆಚ್ಚಿದೆ, ಮನೆಗೆ ಕೊಡುವ ದುಡ್ಡು ಹೆಚ್ಚಿಲ್ಲ. ಬೋನಸ್ಸು ಪಕ್ಕದ ಮನೆಗೆ ಬಂದಿದೆ, ಅದೇ ಗಿರಣಿಗೆ ಹೋಗುವ ನಮ್ಮವರಿಗೆ ಮಾತ್ರ ಬಂದಿಲ್ಲ! ಬ್ಯಾಂಕಿನ ಸಂದೇಶ ಬರುವ ಫೋನು ದಿಂಬಿನ ಕೆಳಗೆ ಸೇರಿದೆ. ಭವಿಷ್ಯನಿಧಿಯಿಂದ ಹಣ ತೆಗೆದದ್ದು ಮನೆಯವರಿಗೆ ಮೂರನೆಯವರ ಬಾಯಿಂದ ತಿಳಿಯುತ್ತದೆ. ವ್ಯಾಪಾರಿಯಾದರೆ ಕಿರ್ದಿ ಎರಡು: ಒಂದು ಅಂಗಡಿಯಲ್ಲಿ, ಒಂದು ತಲೆಯಲ್ಲಿ. ಉದ್ರಿ ವಸೂಲಾಗಿಲ್ಲವೆಂದು ಹೆಂಡತಿಯ ಬಳೆಯನ್ನು ಅಡವಿಗೆ ಕೇಳುತ್ತಾನೆ. ಅಂಗಡಿಯಲ್ಲಿ ಮಾಲು ಮಾತ್ರ ತುಂಬಿರುತ್ತದೆ. ಎಲ್ಲಕ್ಕಿಂತ ದೊಡ್ಡ ಗುರುತೆಂದರೆ, ಲೆಕ್ಕ ಕೇಳಿದರೆ ಲೆಕ್ಕ ಹೇಳದೆ ಜಗಳ ತೆಗೆಯುವುದು.

ಆದರೂ ಒಂದೇ ಗುರುತು ಹಿಡಿದು ಯಾರನ್ನೂ ಕಳ್ಳನೆನ್ನಬಾರದು. ಎಷ್ಟೋ ಸಲ ಮುಚ್ಚಿಟ್ಟದ್ದು ಹಣವಲ್ಲ, ಸಾಲ. ವಾರದ ಬಡ್ಡಿಯವನು ಬಾಗಿಲಿಗೆ ಬರುವವರೆಗೂ ಮನೆಗೆ ಸುದ್ದಿಯಿರುವುದಿಲ್ಲ. ಇದು ಗಂಟಿಗಿಂತ ಕೆಟ್ಟದ್ದು. ಗಂಟು ಎಂದಾದರೂ ಬಿಚ್ಚೀತು, ಬಡ್ಡಿ ಬೆಳೆಯುತ್ತಲೇ ಇರುತ್ತದೆ.

ಮಾಲೀಕನ ಲೆಕ್ಕಪತ್ರ ಬಯಲಾಗಬೇಕೆಂದು ಗೇಟಿನ ಮುಂದೆ ಕೂಗುವವರು ನಾವೇ. ಮನೆಯ ಹೊಸ್ತಿಲು ದಾಟಿದೊಡನೆ ನಾವೇ ಮಾಲೀಕರಾಗುತ್ತೇವೆ. ಬಟ್ಟೆ ಕಾರಖಾನೆಯಲ್ಲಿ ದುಡಿಯುವ ಹೆಂಗಸಿನ ಬ್ಯಾಂಕ್ ಕಾರ್ಡು ಗಂಡನ ಜೇಬಿನಲ್ಲಿದ್ದರೆ ಅವಳು ಡಬ್ಬಿಯನ್ನಲ್ಲದೆ ಇನ್ನೇನನ್ನು ನಂಬಬೇಕು?

ಕಾನೂನು ಇದನ್ನು ಒಲೆಯ ಮುಂದಿನ ಜಗಳವೆಂದು ಬಿಟ್ಟಿಲ್ಲ. ಹೆಂಡತಿಗೆ ಸಲ್ಲಬೇಕಾದ ಹಣವನ್ನು ತಡೆದು ಅವಳನ್ನು ಬರಿಗೈ ಮಾಡುವುದು 2005ರ ಕೌಟುಂಬಿಕ ದೌರ್ಜನ್ಯ ಕಾಯಿದೆಯ ಪ್ರಕಾರ ಆರ್ಥಿಕ ದೌರ್ಜನ್ಯ. ಜೀವನಾಂಶದ ದಾವೆಗಳಲ್ಲಿ ಗಂಡಹೆಂಡತಿ ಇಬ್ಬರೂ ತಮ್ಮ ಆದಾಯ, ಆಸ್ತಿ, ಸಾಲಗಳನ್ನು ಪ್ರಮಾಣಪತ್ರದಲ್ಲಿ ಬರೆದು ಕೊಡಬೇಕೆಂದು ಸುಪ್ರೀಂ ಕೋರ್ಟು 2020ರ ನವೆಂಬರಿನಲ್ಲಿ ವಿಧಿಸಿತು. ಕೋರ್ಟಿನಲ್ಲಿ ಹೇಳಲೇಬೇಕಾದದ್ದನ್ನು ಮನೆಯಲ್ಲಿ ಹೇಳಲು ವಕೀಲರ ಫೀಜೂ ಬೇಕಿಲ್ಲ.

ಪಗಾರದ ದಿನ ಚೀಟಿಯನ್ನು ಊಟಕ್ಕೆ ಮೊದಲು ಹೆಂಡತಿಯ ಕೈಗೆ ಕೊಡಿ. ಅಂಗಡಿಯವರು ತಿಂಗಳಿಗೊಮ್ಮೆ ಕಿರ್ದಿಯನ್ನು ಮನೆಗೆ ತನ್ನಿ. ಅವಳಿಗೆ ಓದು ಬಾರದಿದ್ದರೆ ಶಾಲೆಗೆ ಹೋಗುವ ಮಗಳು ಓದಿ ಹೇಳುತ್ತಾಳೆ. ನಾಲ್ಕಾರು ತಿಂಗಳು ಹೀಗೆ ನಡೆದರೆ ಸಾಸಿವೆ ಡಬ್ಬಿಯೂ ತಾನಾಗಿ ತೆರೆದೀತು. ತೆರೆಯದಿದ್ದರೆ ನಮ್ಮ ಆಕ್ಷೇಪಣೆಯೇನೂ ಇಲ್ಲ.