ಔಷಧದ ಬೆಲೆ ಮತ್ತು ಜಿನೀವಾದ ಒಪ್ಪಂದ

ಜ್ವರಕ್ಕೆ ಕೊಡುವ ಪ್ಯಾರಸಿಟಮಾಲ್ ಮಾತ್ರೆ ಒಂದೆರಡು ರೂಪಾಯಿಗೆ ಸಿಗುತ್ತದೆ. ಆದರೆ ಕ್ಯಾನ್ಸರಿನ ಹೊಸ ಔಷಧದ ಖರ್ಚು ತಿಂಗಳಿಗೆ ಲಕ್ಷ ರೂಪಾಯಿ ದಾಟುವುದುಂಟು. ಈ ಅಂತರಕ್ಕೆ ದೊಡ್ಡ ಕಾರಣ ಪೇಟೆಂಟ್. ಅಂದರೆ, ಔಷಧ ಕಂಡುಹಿಡಿದ ಕಂಪನಿಗೆ, ಬೇರೆಯವರು ಅದನ್ನು ತಯಾರಿಸಿ ಮಾರದಂತೆ ಇಂತಿಷ್ಟು ವರ್ಷ ತಡೆಯುವ ಹಕ್ಕು.

ನಮ್ಮ 1970ರ ಪೇಟೆಂಟ್ ಕಾಯ್ದೆ ಈ ಹಕ್ಕನ್ನು ಔಷಧಕ್ಕೆ ಕೊಡುತ್ತಿರಲಿಲ್ಲ. ತಯಾರಿಸುವ ವಿಧಾನಕ್ಕೆ ಮಾತ್ರ, ಅದೂ ಹೆಚ್ಚೆಂದರೆ 7 ವರ್ಷ ಕೊಡುತ್ತಿತ್ತು. ಅದೇ ಔಷಧವನ್ನು ಇನ್ನೊಂದು ವಿಧಾನದಲ್ಲಿ ತಯಾರಿಸಲು ನಮ್ಮ ಕಂಪನಿಗಳಿಗೆ ಅಡ್ಡಿಯಿರಲಿಲ್ಲ. ಹೀಗಾಗಿ ಔಷಧಗಳು ಅಗ್ಗವಾದವು.

1990ರ ದಶಕದ ಆರಂಭದಲ್ಲಿ ಡಂಕೆಲ್ ಪ್ರಸ್ತಾವದ ವಿರುದ್ಧ ಕರ್ನಾಟಕದ ರೈತರು ಬೀದಿಗಿಳಿದದ್ದು ಹಿರಿಯರಿಗೆ ನೆನಪಿರಬಹುದು. ಅದರಲ್ಲಿ ಬೀಜದ ಮಾತಿದ್ದಂತೆ ಔಷಧದ ಮಾತೂ ಇತ್ತು. 1995ರ ಜನವರಿ 1ರಂದು ವಿಶ್ವ ವ್ಯಾಪಾರ ಸಂಸ್ಥೆ ಜಿನೀವಾದಲ್ಲಿ ಕಾರ್ಯಾರಂಭ ಮಾಡಿತು. ಅದರ ‘ಟ್ರಿಪ್ಸ್’ ಒಪ್ಪಂದದ ಪ್ರಕಾರ ಸದಸ್ಯ ದೇಶಗಳು ಔಷಧಕ್ಕೂ 20 ವರ್ಷದ ಪೇಟೆಂಟ್ ಕೊಡಬೇಕಾಯಿತು. ತೀರಾ ಬಡ ದೇಶಗಳಿಗಷ್ಟೇ ವಿನಾಯಿತಿ. ಭಾರತ 2005ರಲ್ಲಿ ಕಾಯ್ದೆ ತಿದ್ದಿತು.

ಆದರೆ ನಮ್ಮ ಸಂಸತ್ತು ಕೈಕಟ್ಟಿ ಕೂರಲಿಲ್ಲ. ಹಳೆಯ ಔಷಧದ ರೂಪ ಬದಲಿಸಿದ ಮಾತ್ರಕ್ಕೆ ಹೊಸ ಪೇಟೆಂಟ್ ಇಲ್ಲ, ರೋಗಿಗೆ ಗುಣ ಹೆಚ್ಚುತ್ತದೆಂದು ತೋರಿಸಬೇಕು ಎಂಬ 3(ಡಿ) ನಿಯಮವನ್ನು ಸೇರಿಸಿತು. ರಕ್ತದ ಕ್ಯಾನ್ಸರಿನ ‘ಗ್ಲಿವೆಕ್’ ಔಷಧಕ್ಕೆ ಪೇಟೆಂಟ್ ಕೇಳಿದ್ದ ನೊವಾರ್ಟಿಸ್ ಕಂಪನಿಯ ಮೇಲ್ಮನವಿಯನ್ನು 2013ರಲ್ಲಿ ಸುಪ್ರೀಂ ಕೋರ್ಟ್ ತಳ್ಳಿಹಾಕಿದ್ದು ಈ ನಿಯಮದ ಬಲದಿಂದಲೇ.

ಇನ್ನೊಂದು ಅಸ್ತ್ರ ಕಡ್ಡಾಯ ಪರವಾನಗಿ. ಔಷಧದ ಬೆಲೆ ಜನರ ಕೈಗೆ ಎಟುಕದಿದ್ದರೆ, ಪೇಟೆಂಟ್ ಇದ್ದರೂ ಬೇರೆ ಕಂಪನಿಗೆ ತಯಾರಿಸಲು ಸರ್ಕಾರ ಅನುಮತಿ ಕೊಡಬಹುದು. ಪೇಟೆಂಟ್ ಇದ್ದ ಕಂಪನಿಗೆ ಗೌರವಧನ ಸಲ್ಲುತ್ತದೆ. ಬೇಯರ್ ಕಂಪನಿಯ ‘ನೆಕ್ಸಾವರ್’ ಎಂಬ ಕ್ಯಾನ್ಸರ್ ಔಷಧಕ್ಕೆ ತಿಂಗಳಿಗೆ ಸುಮಾರು 2.8 ಲಕ್ಷ ರೂಪಾಯಿ ಆಗುತ್ತಿತ್ತು. 2012ರಲ್ಲಿ ಹೈದರಾಬಾದಿನ ನ್ಯಾಟ್ಕೊಗೆ ಪರವಾನಗಿ ಸಿಕ್ಕಾಗ ಅದೇ ಔಷಧಕ್ಕೆ ನಿಗದಿಯಾದ ಬೆಲೆ 8,880 ರೂಪಾಯಿ! ಇದು ಒಪ್ಪಂದದ ಉಲ್ಲಂಘನೆಯಲ್ಲ. ಟ್ರಿಪ್ಸ್‌ನಲ್ಲೇ ಇದಕ್ಕೆ ಅವಕಾಶವಿದೆ. 2001ರ ದೋಹಾ ಘೋಷಣೆ ಅದನ್ನು ಸ್ಪಷ್ಟಪಡಿಸಿದೆ.

ಸಂಶೋಧನೆಗೆ ಹಣ ಬೇಕು, ನಿಜ. ಹೊಸ ಔಷಧ ತಂದವರಿಗೆ ಪ್ರತಿಫಲ ಸಿಗಲಿ. ಆದರೆ ಆ ಪ್ರತಿಫಲಕ್ಕೆ ಮಿತಿ ಬೇಡವೆ? ಕೊಳ್ಳಲಾಗದ ಔಷಧ ಎಷ್ಟು ಪರಿಣಾಮಕಾರಿಯಾದರೇನು, ರೋಗಿಯ ಪಾಲಿಗೆ ಅದು ಇಲ್ಲದಂತೆಯೇ.

ಈಗ ಒತ್ತಡ ಬೇರೆ ದಾರಿಯಲ್ಲಿ ಬರುತ್ತಿದೆ. ಶ್ರೀಮಂತ ದೇಶಗಳು ಮುಕ್ತ ವ್ಯಾಪಾರದ ಮಾತುಕತೆಗಳಲ್ಲಿ ಟ್ರಿಪ್ಸ್ ಕೇಳದ್ದನ್ನೂ ಕೇಳಿದ್ದುಂಟು. ಉದಾಹರಣೆಗೆ, ಮೊದಲ ಕಂಪನಿ ಔಷಧದ ಪರೀಕ್ಷೆ ನಡೆಸಿ ಸಲ್ಲಿಸಿದ ಮಾಹಿತಿಯ ಆಧಾರದ ಮೇಲೆ ಬೇರೆಯವರಿಗೆ ಕೆಲವು ವರ್ಷ ಅನುಮತಿ ಕೊಡಬಾರದೆಂಬ ಬೇಡಿಕೆ. ಇದಕ್ಕೆ ಒಪ್ಪಿದರೆ ಪೇಟೆಂಟ್ ಇಲ್ಲದ ಔಷಧವೂ ಅಗ್ಗವಾಗಲು ತಡವಾಗುತ್ತದೆ. ಜವಳಿ, ಸಾಫ್ಟ್‌ವೇರ್ ರಫ್ತಿನ ಲಾಭಕ್ಕಾಗಿ ರೋಗಿಯ ರಕ್ಷಣೆಯನ್ನು ಬಿಟ್ಟುಕೊಡಬಾರದು ಎಂಬುದು ವೈದ್ಯನಾಗಿ ನನ್ನ ಖಚಿತ ಅಭಿಪ್ರಾಯ.

ಓದುಗರಲ್ಲಿ ಎರಡು ಮಾತು. ರಕ್ತದೊತ್ತಡ, ಸಕ್ಕರೆ ಕಾಯಿಲೆಗಳಿಗೆ ಸಾಮಾನ್ಯವಾಗಿ ಬರೆಯುವ ಔಷಧಗಳಲ್ಲಿ ಹೆಚ್ಚಿನವುಗಳ ಪೇಟೆಂಟ್ ಮುಗಿದಿದೆ. ಖರ್ಚು ಭಾರವೆನಿಸಿದರೆ ಮಾತ್ರೆ ನಿಲ್ಲಿಸಬೇಡಿ. ಕಡಿಮೆ ಬೆಲೆಯ ಜನರಿಕ್ ಇದೆಯೇ ಎಂದು ನಿಮ್ಮ ವೈದ್ಯರನ್ನು ಸಂಕೋಚವಿಲ್ಲದೆ ಕೇಳಿ. ಮತ ಕೇಳಲು ಬರುವವರನ್ನೂ ಕೇಳಿ: ವ್ಯಾಪಾರ ಒಪ್ಪಂದಕ್ಕೆ ಸಹಿ ಹಾಕುವ ಮುನ್ನ ಅದರಲ್ಲಿ ಔಷಧದ ಬಗ್ಗೆ ಏನಿದೆಯೆಂದು ಓದಿದ್ದೀರಾ?